ಆಯ ತಪ್ಪಿದ್ದು ಯಾರದು?

ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ ಒಂದು ಶೀರ್ಷಿಕೆ ಚಿರಪರಿಚಿತ: ‘ಆಯತಪ್ಪಿ ಬಿದ್ದು ಕಾರ್ಮಿಕ ಸಾವು’. ಅದರ ಕೆಳಗೆ ಐದಾರು ಸಾಲು. ನಿರ್ಮಾಣ ಹಂತದ ಕಟ್ಟಡದ ಮೂರನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಆಯತಪ್ಪಿ ಕೆಳಗೆ ಬಿದ್ದ ಕಾರ್ಮಿಕ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಮೃತಪಟ್ಟಿದ್ದಾನೆ, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಮಹಡಿ ಬದಲಾಗುತ್ತದೆ. ವಾಕ್ಯ ಮಾತ್ರ ಬದಲಾಗುವುದಿಲ್ಲ.

ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಕಾದಂಬರಿಯನ್ನೋ ಕವನ ಸಂಕಲನವನ್ನೋ ಕೈಗೆತ್ತಿಕೊಳ್ಳುತ್ತಾರೆ. ನಾವು ಈ ಸಲ ಈ ಐದು ಸಾಲುಗಳನ್ನೇ ಕೈಗೆತ್ತಿಕೊಂಡಿದ್ದೇವೆ. ಏಕೆಂದರೆ ಕನ್ನಡದಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿರುವ ಸಣ್ಣಕಥೆ ಬಹುಶಃ ಇದೇ. ಇದಕ್ಕೊಬ್ಬ ನಾಯಕನಿದ್ದಾನೆ, ಒಂದು ಘಟನೆಯಿದೆ, ಒಂದು ಅಂತ್ಯವಿದೆ. ಅಷ್ಟೇ ಅಲ್ಲ, ಒಂದು ತೀರ್ಪೂ ಇದೆ. ಆ ತೀರ್ಪು ‘ಆಯತಪ್ಪಿ’ ಎಂಬ ಒಂದೇ ಪದದಲ್ಲಿ ಅಡಗಿದೆ. ತಪ್ಪಿದ್ದು ಅವನ ಆಯ, ಆದ್ದರಿಂದ ತಪ್ಪು ಅವನದು. ನಿಂತಿದ್ದ ಹಲಗೆ ಎಷ್ಟು ಅಗಲವಿತ್ತು, ಅಂಚಿಗೆ ಅಡ್ಡಗಂಬಿ ಇತ್ತೆ, ಅವನು ಎಷ್ಟು ಹೊತ್ತಿನಿಂದ ಬಿಸಿಲಿನಲ್ಲಿದ್ದ, ಬೆಳಿಗ್ಗೆ ಏನಾದರೂ ತಿಂದಿದ್ದನೆ, ಇದಾವುದೂ ಕಥೆಯೊಳಗೆ ಬರುವುದಿಲ್ಲ.

‘ಆಯ’ ಎಂಬ ಪದಕ್ಕೆ ಕಟ್ಟಡದ ಲೋಕದಲ್ಲಿ ಇನ್ನೊಂದು ಅರ್ಥವೂ ಇದೆ. ಮನೆ ಕಟ್ಟಿಸುವ ಅನೇಕರು ಪಾಯ ತೆಗೆಯುವ ಮುಂಚೆ ಮನೆಯ ಉದ್ದಗಲದ ಲೆಕ್ಕ ಹಾಕಿಸಿ ‘ಆಯ’ ಕೂಡಿಬರುತ್ತದೆಯೇ ಎಂದು ಬಲ್ಲವರನ್ನು ಕೇಳುತ್ತಾರೆ. ಕೂಡಿಬರದಿದ್ದರೆ ನಕ್ಷೆಯನ್ನೇ ತಿದ್ದಿಸುತ್ತಾರೆ. ಮನೆಯ ಆಯಕ್ಕೆ ಇಷ್ಟು ಕಾಳಜಿ ತೋರುವ ಸಮಾಜ ಆ ಮನೆಯ ಗೋಡೆಗೆ ಪ್ಲಾಸ್ಟರ್ ಮಾಡಲು ಎತ್ತರದಲ್ಲಿ ನಿಂತವನ ಆಯದ ಬಗ್ಗೆ ಯೋಚಿಸುವುದು ಅವನು ಬಿದ್ದ ಮೇಲೆ.

ಇದನ್ನೆಲ್ಲ ಪತ್ರಿಕೆಯವರ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅದೇ ಕಥೆಯನ್ನು ನಾವೂ ಬರೆದಿದ್ದೇವೆ. ಕೆಲವು ವರ್ಷಗಳ ಹಿಂದೆ ಗಾರೆ ಕೆಲಸದವನೊಬ್ಬನ ಕುರಿತು ಒಂದು ಕಥೆ ಬರೆದಿದ್ದೆವು. ಮಗಳ ನಿಕಾಹ್ ನಿಶ್ಚಯವಾಗಿದೆ, ಹಣ ಹೊಂದಿಲ್ಲ. ಸಾರವೆಯ ಮೇಲೆ ನಿಂತು ಕೆಲಸ ಮಾಡುತ್ತಿರುವ ಅವನು ಮಗಳ ಮೆಹಂದಿ ಹಚ್ಚಿದ ಕೈಗಳನ್ನು ಕಲ್ಪಿಸಿಕೊಳ್ಳುತ್ತಾನೆ. ಆ ಕ್ಷಣದಲ್ಲಿ ಕಾಲು ಜಾರುತ್ತದೆ. ಕಥೆ ಅಚ್ಚಾಯಿತು. ಕಣ್ಣು ಒದ್ದೆಯಾಯಿತೆಂದು ಕೆಲವರು ಪತ್ರ ಬರೆದರು. ನಮಗೂ ಹೆಮ್ಮೆಯಾಯಿತು.

ನಮ್ಮ ಮೊಹಲ್ಲಾದಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಮೊಣಕಾಲು ಸೋತು ಮನೆಯಲ್ಲಿ ಕೂತ ಮೇಸ್ತ್ರಿ ಚಾಚಾ ಒಬ್ಬರಿದ್ದಾರೆ. ಅವರಿಗೆ ಕನ್ನಡ ಓದಲು ಬಾರದು. ಮೊಮ್ಮಗಳು ಆ ಕಥೆಯನ್ನು ಓದಿ ಹೇಳಿದ್ದಳಂತೆ. ಒಂದು ಸಂಜೆ ಮಸೀದಿಯಿಂದ ಬರುವಾಗ ನಮ್ಮನ್ನು ನಿಲ್ಲಿಸಿದರು. ಮನೆಮಾತಿನಲ್ಲಿ ಅವರು ಆಡಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ:

“ಕಥೆ ಚೆನ್ನಾಗೈತೆ ಭಾಯ್. ಆದ್ರೆ ಸಾರವೆ ಮೇಲೆ ನಿಂತು ಮಗಳ ಮದುವೆ ಯೋಚ್ನೆ ಮಾಡೋಕೆ ಯಾರಿಗೂ ಪುರುಸೊತ್ತಿರಲ್ಲ. ಅವನು ಯಾಕ್ ಬಿದ್ದ ಅಂತ ನೀವು ಬರ್ದೇ ಇಲ್ಲ.”

“ಮತ್ಯಾಕೆ ಬಿದ್ದ ಚಾಚಾ?”

“ಏಕಿಚ್ ತಖ್ತಾ ಥಾ,” ಎಂದರು. ಒಂದೇ ಹಲಗೆ ಇತ್ತು.

ಆಮೇಲೆ ಬೀದಿಯ ಕಟ್ಟೆಯ ಮೇಲೆ ಕೂತು ವಿವರಿಸಿದರು. “ಮೂರು ಹಲಗೆ ಹಾಕ್ಬೇಕಾದ ಕಡೆ ಒಂದು ಹಾಕಿರ್ತಾರೆ. ಕೈ ಗೋಡೆ ಮೇಲೆ, ಕಣ್ಣು ಕರಣೆ ಮೇಲೆ, ಧ್ಯಾನ ಪೂರಾ ಕಾಲ್ ಮೇಲೆ. ಬೆಳಿಗ್ಗಿಂದ ಸಂಜೆ ಗಂಟ ಆ ಧ್ಯಾನ ಹಿಡ್ಕೊಂಡೇ ಇರ್ಬೇಕು. ಎಷ್ಟೊತ್ತು ಹಿಡ್ಕೊಂತಾನೆ? ಒಂದ್ಸಲ ಬಿಟ್ಟ, ಹೋದ. ಮೂರು ಹಲಗೆ ಇದ್ದಿದ್ರೆ ಅದೇ ತಪ್ಪಿಗೆ ಒಂದು ಹೆಜ್ಜೆ ಹಿಂದಕ್ಕಿಟ್ಟು ಬೀಡಿ ಹಚ್ತಿದ್ದ, ಅಷ್ಟೇ.”

ಚಾಚಾ ಹೇಳಿದ ಈ ಮಾತಿನಲ್ಲಿ ಎರಡು ಸಂಗತಿಗಳಿವೆ. ಒಂದು, ಮನುಷ್ಯ ದಿನಕ್ಕೆ ನೂರು ಸಲ ಮಾಡುವ ಸಣ್ಣ ತಪ್ಪನ್ನು ಕೆಲಸದ ಜಾಗದ ಅಪಾಯವು ಸಾವಾಗಿ ಮಾರ್ಪಡಿಸುತ್ತದೆ. ಇದು ಎಲ್ಲರಿಗೂ ಅರ್ಥವಾಗುವ ಮಾತು. ಎರಡನೆಯದು ಅಷ್ಟು ಸುಲಭವಾಗಿ ಕಾಣುವುದಿಲ್ಲ: ಆ ತಪ್ಪನ್ನು ಹುಟ್ಟಿಸುವುದೂ ಅದೇ ಅಪಾಯ. ಒಂಟಿ ಹಲಗೆ ಅವನ ಗಮನವನ್ನೆಲ್ಲ ಕಾಲಿಗೆ ಕಟ್ಟಿಹಾಕಿ ಬೆಳಗಿನಿಂದ ದಣಿಸುತ್ತದೆ, ದಣಿದ ಗಮನ ಜಾರಿದಾಗ ಕೆಳಗೆ ಬೀಳಿಸುತ್ತದೆ. ಒಂದೇ ಹಲಗೆ ಎರಡು ಸಲ ಕೆಲಸ ಮಾಡುತ್ತದೆ. ಪೊಲೀಸರ ಮಹಜರಿನಲ್ಲಿ, ಪತ್ರಿಕೆಯ ವರದಿಯಲ್ಲಿ, ನಮ್ಮ ಕಥೆಯಲ್ಲಿ ಅದಕ್ಕೆ ಜಾಗವಿಲ್ಲ.

ಚಾಚಾ ಜೊತೆ ಮಾತಾಡಿದ ಮೇಲೆ ನಾವು ಕಟ್ಟಡದ ಕೆಲಸವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆವು. ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ನೆರಳಿಲ್ಲದ ತಾರಸಿಯ ಮೇಲೆ, ಕಾದ ಕಬ್ಬಿಣದ ಸರಳುಗಳ ನಡುವೆ ಬಾಗಿ ತಂತಿ ಕಟ್ಟುವವನ ಪಾಲಿಗೆ ಅದು ಇನ್ನೂ ಹೆಚ್ಚು. ಬೆವರಿನಲ್ಲಿ ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಕಳೆದುಹೋದರೆ ಸಾಕು, ಏಕಾಗ್ರತೆ ಕುಂದುತ್ತದೆ, ಕೈಗೂ ಕಣ್ಣಿಗೂ ಇರುವ ಹೊಂದಾಣಿಕೆ ಸಡಿಲವಾಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಕುಡಿಯುವ ನೀರಿನ ಡ್ರಮ್ಮು ನೆಲದಲ್ಲಿದ್ದು ಕೆಲಸ ನಾಲ್ಕನೆಯ ಮಹಡಿಯಲ್ಲಿದ್ದರೆ ಅವನು ಎಷ್ಟು ಸಲ ಇಳಿದು ಹತ್ತಿಯಾನು?

ಸದ್ದು ಇನ್ನೊಂದು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುತ್ತದೆ. ಗ್ರಾನೈಟ್ ಕೊಯ್ಯುವ ಯಂತ್ರ, ಕಾಂಕ್ರೀಟ್ ಒಡೆಯುವ ಬ್ರೇಕರ್ ಈ ಮಿತಿಯನ್ನು ಸುಲಭವಾಗಿ ಮೀರುತ್ತವೆ. ಕಿವಿ ಮಂದವಾದವನಿಗೆ ಮೇಲಿನಿಂದ ‘ಹುಷಾರ್’ ಎಂದು ಕೂಗಿದ್ದು ಕೇಳುವುದಿಲ್ಲ. ಕಿವಿ ಚುರುಕಾಗಿದ್ದರೂ ಯಂತ್ರದ ಗದ್ದಲದಲ್ಲಿ ಕೇಳುವುದಿಲ್ಲ. ಕೇಳಿದರೂ ಅದು ಯಾವ ಭಾಷೆಯಲ್ಲಿತ್ತು? ಎಂಜಿನಿಯರ್ ಕನ್ನಡದವನು, ಮೇಸ್ತ್ರಿ ತೆಲುಗಿನವನು, ಸರಳು ಕಟ್ಟುವ ಹುಡುಗ ಬಂಗಾಳದ ಹಳ್ಳಿಯವನು. ಬೆಂಗಳೂರಿನಂಥ ಊರಿನಲ್ಲಿ ಇದು ದಿನನಿತ್ಯದ ಚಿತ್ರ. ಎಚ್ಚರಿಕೆಯ ಒಂದು ಮಾತು ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಇಟ್ಟಿಗೆ ಬಂದು ಬಿದ್ದಿರುತ್ತದೆ.

ಹಸಿ ಸಿಮೆಂಟಿನ ಕ್ಷಾರಗುಣ ತೀವ್ರವಾದದ್ದು. ಕೈಗವಸಿಲ್ಲದ ಬೆರಳು ಒಡೆದು ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಬೆರಳು ಹಗ್ಗವನ್ನು ಬಿಗಿಯಾಗಿ ಹಿಡಿಯಲಾರದು. ಬ್ರೇಕರ್ ಯಂತ್ರದ ಕಂಪನದಿಂದ ಬೆರಳಿಗೆ ಜೋಮು ಹಿಡಿಯುತ್ತದೆ. ಟೈಲ್ಸ್ ಕೊಯ್ಯುವ ಧೂಳು ಶ್ವಾಸಕೋಶವನ್ನು ವರ್ಷಗಟ್ಟಲೆ ತಿನ್ನುವುದು ಒಂದು ಕಡೆಯಾದರೆ, ಆ ಹೊತ್ತಿಗೆ ಕಣ್ಣನ್ನು ಮುಚ್ಚಿಸುವುದು ಇನ್ನೊಂದು ಕಡೆ. ಇವುಗಳ ಮೇಲೆ ಗುತ್ತಿಗೆಯ ಲೆಕ್ಕ. ದಿನಗೂಲಿಯ ಬದಲು ಚದರಡಿ ಲೆಕ್ಕದಲ್ಲಿ ಕೆಲಸ ಹಿಡಿದವನಿಗೆ ಸಾರವೆಯನ್ನು ಬಿಚ್ಚಿ ಸರಿಯಾಗಿ ಕಟ್ಟುವ ಅರ್ಧ ದಿನಕ್ಕೆ ಕೂಲಿಯಿಲ್ಲ. ಶನಿವಾರದ ಬಟವಾಡೆಗೆ ಅಷ್ಟು ಕೊರತೆ. ಅವನು ‘ಅಜಾಗರೂಕ’ನಾಗುವುದು ಸೋಮಾರಿತನದಿಂದಲ್ಲ, ಲೆಕ್ಕಾಚಾರದಿಂದ. ಆ ಲೆಕ್ಕವನ್ನು ಹಾಕಿಕೊಟ್ಟವರು ಬೇರೆಯವರು.

ಹಾಗಾದರೆ ‘ತಪ್ಪು ಕಾರ್ಮಿಕನದು’ ಎಂಬ ನಂಬಿಕೆಗೆ ಇಷ್ಟು ಗೌರವ ಎಲ್ಲಿಂದ ಬಂತು? ಇದಕ್ಕೊಂದು ಚರಿತ್ರೆಯಿದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರಲ್ಲಿ ಔದ್ಯೋಗಿಕ ಅಪಘಾತಗಳನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ನೂರಕ್ಕೆ 88 ಅಪಘಾತಗಳು ಮನುಷ್ಯರ ಅಸುರಕ್ಷಿತ ವರ್ತನೆಯಿಂದ, 10 ಅಸುರಕ್ಷಿತ ಪರಿಸ್ಥಿತಿಯಿಂದ, ಉಳಿದ 2 ತಪ್ಪಿಸಲಾಗದ ಕಾರಣಗಳಿಂದ ಆಗುತ್ತವೆ ಎಂಬುದು ಅವರ ಲೆಕ್ಕ. ಈ 88 ಎಂಬ ಅಂಕಿ ಮುಂದೆ ದಶಕಗಳ ಕಾಲ ಜಗತ್ತಿನಾದ್ಯಂತ ಸುರಕ್ಷತಾ ಪಾಠಗಳಲ್ಲಿ ಮಂತ್ರದಂತೆ ಪಠಿಸಲ್ಪಟ್ಟಿತು. ಆದರೆ ಅವರ ಆಧಾರ ಏನಿತ್ತು? ವಿಮಾ ಕಡತಗಳು ಮತ್ತು ಕಾರ್ಖಾನೆ ಮಾಲೀಕರ ದಾಖಲೆಗಳು. ಬಿದ್ದವನು ಏಕೆ ಬಿದ್ದ ಎಂದು ಬರೆದದ್ದು ಬಿದ್ದವನಲ್ಲ, ಅವನ ಮೇಲ್ವಿಚಾರಕ. ಸಾಹಿತ್ಯ ವಿಮರ್ಶೆಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆಯೇ ‘ಕಥೆಯನ್ನು ಹೇಳುತ್ತಿರುವವರು ಯಾರು?’ ಎಂಬುದು. ಆ ಅಂಕಿಯ ಮುಂದೆ ಈ ಪ್ರಶ್ನೆಯನ್ನು ಬಹಳ ಕಾಲ ಹೆಚ್ಚಿನವರು ಕೇಳಲಿಲ್ಲ.

ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಕಟ್ಟಡದ ಹೊರಗಿನ ಒಂದು ಪ್ರಸಂಗವನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಯುದ್ಧವಿಮಾನಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎಳೆದುಕೊಳ್ಳುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ‘ಚಾಲಕನ ತಪ್ಪು’ ಎಂದು ಬರೆದು ಕಡತ ಮುಚ್ಚಬಹುದಿತ್ತು. ಮನಃಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಚಾಲಕನ ಆಸನದ ಮುಂದೆ ನೋಡಿದರು. ಎರಡೂ ಕೆಲಸದ ಹಿಡಿಗಳು ಒಂದೇ ಆಕಾರದವು, ಒಂದರ ಪಕ್ಕ ಒಂದು. ಚಕ್ರದ ಹಿಡಿಗೆ ಚಕ್ರದ ಆಕಾರ, ಫ್ಲ್ಯಾಪಿನ ಹಿಡಿಗೆ ಬೆಣೆಯ ಆಕಾರ ಕೊಡಿಸಿದರು. ಮುಟ್ಟಿದರೆ ಗೊತ್ತಾಗುವಂತಾಯಿತು, ಆ ಬಗೆಯ ಅಪಘಾತ ನಿಂತುಹೋಯಿತು. ಚಾಲಕರು ಅವರೇ, ದಣಿವೂ ಅದೇ. ಬದಲಾದದ್ದು ಅವರ ಕೈಗೆ ಸಿಗುವ ವಸ್ತು. ಮುಂದೆ 1990ರಲ್ಲಿ ಬ್ರಿಟನ್ನಿನ ಜೇಮ್ಸ್ ರೀಸನ್ ‘ಹ್ಯೂಮನ್ ಎರರ್’ ಎಂಬ ಪುಸ್ತಕದಲ್ಲಿ ಇದನ್ನೇ ಸಿದ್ಧಾಂತವಾಗಿ ಬೆಳೆಸಿದರು. ಕೊನೆಯಲ್ಲಿ ತಪ್ಪು ಮಾಡಿದವನ ಹಿಂದೆ, ಬಹಳ ಮೊದಲೇ ಬೇರೆ ಬೇರೆ ಮೇಜುಗಳ ಮೇಲೆ ತೆಗೆದುಕೊಂಡ ನಿರ್ಧಾರಗಳು ಮಲಗಿರುತ್ತವೆ ಎಂಬುದು ಅವರ ವಾದದ ಸಾರ.

ಕಟ್ಟಡದ ಕೆಲಸದಲ್ಲಿ ಇಂಥ ನಿರ್ಧಾರದ ಭೀಕರ ಉದಾಹರಣೆ 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವಿಲೋ ಐಲೆಂಡ್‌ನಲ್ಲಿ ಕಂಡಿತು. ವಿದ್ಯುತ್ ಸ್ಥಾವರದ ತಂಪುಗೋಪುರವನ್ನು ದಿನಕ್ಕೆ 5 ಅಡಿಯಂತೆ ಎತ್ತರಿಸುತ್ತಿದ್ದರು. ಕೆಲಸಗಾರರು ನಿಲ್ಲುವ ಸಾರವೆ ನೆಲದಿಂದ ಎದ್ದದ್ದಲ್ಲ. ಹಿಂದಿನ ದಿನ ಹಾಕಿದ ಕಾಂಕ್ರೀಟಿಗೇ ಅದನ್ನು ಬಿಗಿಯಲಾಗಿತ್ತು. ಹಿಂದಿನ ರಾತ್ರಿ ಚಳಿಯಿತ್ತು, ಕಾಂಕ್ರೀಟು ಬಲ ಕೂಡಿಸಿಕೊಂಡಿರಲಿಲ್ಲ. ಬೆಳಿಗ್ಗೆ ಹೊಸ ಕಾಂಕ್ರೀಟಿನ ಭಾರ ಬಿದ್ದೊಡನೆ ಅದು ಸುಲಿದುಕೊಂಡು ಸಾರವೆ ಸಮೇತ ಕುಸಿಯಿತು. 51 ಜನ ಸತ್ತರು. ಬಲ ಬರುವ ಮುಂಚೆಯೇ ಭಾರ ಹೇರಿದ್ದೇ ಕಾರಣ ಎಂದು ಅಲ್ಲಿನ ಸರ್ಕಾರಿ ತನಿಖೆ ಹೇಳಿತು. ಅಲ್ಲಿ ಯಾರ ಕಾಲೂ ಜಾರಿರಲಿಲ್ಲ. ಕಾಂಕ್ರೀಟಿಗೆ ಅದರದೇ ಕಾಲವಿದೆ, ಆ ಕಾಲವನ್ನು ಕೆಲಸದ ವೇಳಾಪಟ್ಟಿ ಒಪ್ಪಿಕೊಂಡಿರಲಿಲ್ಲ.

ಈ ಕಾಲದ ಲೆಕ್ಕ ನಮ್ಮಲ್ಲೂ ಬರವಣಿಗೆಯಲ್ಲಿದೆ. ಕಾಂಕ್ರೀಟ್ ಕೆಲಸಕ್ಕೆ ಭಾರತದಲ್ಲಿ ಬಳಸುವ ಐಎಸ್ 456 ಎಂಬ ಮಾನಕದ 2000ರ ಆವೃತ್ತಿಯ ಪ್ರಕಾರ, ಸಾಧಾರಣ ಸಿಮೆಂಟು ಬಳಸಿ ಹಾಕಿದ 4.5 ಮೀಟರ್ ವರೆಗಿನ ತಾರಸಿಗೆ ಕೊಟ್ಟ ಊರುಗೋಲುಗಳನ್ನು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯಬಾರದು. 6 ಮೀಟರ್ ಮೀರಿದ ತೊಲೆಗೆ 21 ದಿನ. ಆದರೆ ಸೆಂಟ್ರಿಂಗ್ ಶೀಟುಗಳು ಬಾಡಿಗೆಯವು. ಮುಂದಿನ ಮನೆಯ ಮೋಲ್ಡಿಗೆ ಅವು ಬೇಕು, ದಿನ ಕಳೆದಷ್ಟೂ ಬಾಡಿಗೆ ಏರುತ್ತದೆ. ‘ನಾಳೆ ಬಿಚ್ಚಿಬಿಡಿ’ ಎಂಬ ಅಪ್ಪಣೆ ಫೋನಿನಲ್ಲಿ ಬರುತ್ತದೆ. ಬಿಚ್ಚಲು ಕೆಳಗೆ ನಿಂತವನು ಅದನ್ನು ಹೇಳಿದವನಲ್ಲ. ತಾರಸಿ ಕುಸಿದರೆ ‘ಸೆಂಟ್ರಿಂಗ್ ಬಿಚ್ಚುವಾಗ ನಿರ್ಲಕ್ಷ್ಯ’ ಎಂಬ ಮಾತು ಅಂಟಿಕೊಳ್ಳುವುದು ಬಿಚ್ಚಿದ ಕೈಗೆ.

ನಾವು ಗಮನಿಸಿದ ಇನ್ನೊಂದು ಸಂಗತಿಯಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಉರುಳಿ 9 ಜನ ಸತ್ತರು. ಈ ಎರಡೂ ಸಂದರ್ಭಗಳಲ್ಲಿ ಪತ್ರಿಕೆಗಳು ಮಾಲೀಕರು ಯಾರು, ಎಂಜಿನಿಯರ್ ಯಾರು, ಪಾಲಿಕೆ ಎಷ್ಟು ಅಂತಸ್ತಿಗೆ ಅನುಮತಿ ಕೊಟ್ಟಿತ್ತು ಎಂದೆಲ್ಲ ಕೇಳಿದವು. ಕೇಳಲೇಬೇಕಾದ ಪ್ರಶ್ನೆಗಳು ಅವು. ಆದರೆ ಒಬ್ಬನೇ ಬಿದ್ದಾಗ ಈ ಪ್ರಶ್ನೆಗಳು ಎಲ್ಲಿ ಹೋಗುತ್ತವೆ? ಕಟ್ಟಡ ಬಿದ್ದರೆ ಕಟ್ಟಿಸಿದವರನ್ನು ಹುಡುಕುವ ನಾವು, ಮನುಷ್ಯ ಬಿದ್ದರೆ ಅವನ ಕಾಲನ್ನು ಹುಡುಕುತ್ತೇವೆ.

ಸಾಹಿತ್ಯ ಇದನ್ನು ಹೇಗೆ ನೋಡಿದೆ? ಈ ವಸ್ತುವಿನ ಮೇಲೆ ನಾವು ಓದಿದ ದೊಡ್ಡ ಕೃತಿಯೆಂದರೆ ಇಟಲಿ ಮೂಲದ ಅಮೆರಿಕನ್ ಲೇಖಕ ಪಿಯೆತ್ರೊ ದಿ ಡೊನಾಟೊ 1939ರಲ್ಲಿ ಪ್ರಕಟಿಸಿದ ‘ಕ್ರೈಸ್ಟ್ ಇನ್ ಕಾಂಕ್ರೀಟ್’. ದಿ ಡೊನಾಟೊ ಸ್ವತಃ ಇಟ್ಟಿಗೆ ಕೆಲಸದವರು. 1923ರ ಗುಡ್ ಫ್ರೈಡೆಯಂದು ಅವರ ತಂದೆ ಕಟ್ಟಡ ಕುಸಿದು ಸತ್ತಾಗ ಅವರಿನ್ನೂ ಬಾಲಕ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಮೇಸ್ತ್ರಿ ಜೆರೆಮಿಯೊ ಅಡಿಯ ಆಧಾರ ಸರಿಯಿಲ್ಲವೆಂದು ಧಣಿಗೆ ಹೇಳುತ್ತಾನೆ. ಇಷ್ಟವಿಲ್ಲದಿದ್ದರೆ ಕೆಲಸ ಬಿಡು ಎಂಬ ಅರ್ಥದ ಬೈಗುಳ ಉತ್ತರವಾಗಿ ಬರುತ್ತದೆ. ಮನೆಯಲ್ಲಿ ಬಸುರಿ ಹೆಂಡತಿ, ಸಾಲು ಮಕ್ಕಳು. ಅವನು ಕೆಲಸ ಬಿಡುವುದಿಲ್ಲ. ಕಟ್ಟಡ ಕುಸಿದು ಅವನು ಹಸಿ ಕಾಂಕ್ರೀಟಿನಲ್ಲಿ ಹೂತು ಸಾಯುತ್ತಾನೆ. ಧಣಿಯೊಂದಿಗಿನ ಆ ಚಿಕ್ಕ ಸಂಭಾಷಣೆಯೇ ಕಾದಂಬರಿಯ ನಿಜವಾದ ಶಕ್ತಿ. ಅದು ಇರುವುದರಿಂದ ಓದುಗ ಮುಂದೆಂದೂ ಜೆರೆಮಿಯೊನ ಕಾಲನ್ನು ದೂರಲಾರ.

ಆದರೆ ಈ ಕೃತಿಯ ಬಗ್ಗೆಯೂ ನಮಗೊಂದು ತಕರಾರಿದೆ. ಲೇಖಕರು ಮೇಸ್ತ್ರಿಯ ಸಾವನ್ನು ಶಿಲುಬೆಯ ಬಲಿದಾನಕ್ಕೆ ಹೋಲಿಸುತ್ತಾರೆ. ಹೋಲಿಕೆ ಘನವಾದದ್ದೇ. ಆದರೆ ಸಾವು ಬಲಿದಾನವಾದ ಕೂಡಲೇ ಧಣಿ ವಿಧಿಯ ಒಂದು ಉಪಕರಣವಾಗಿಬಿಡುತ್ತಾನೆ, ಸರಿಯಿಲ್ಲದ ಆಧಾರ ಮರೆಗೆ ಸರಿಯುತ್ತದೆ. ಎಡ್ವರ್ಡ್ ಡಿಮಿಟ್ರಿಕ್ 1949ರಲ್ಲಿ ಈ ಕಾದಂಬರಿಯನ್ನು ಚಲನಚಿತ್ರ ಮಾಡಿದಾಗ ಇನ್ನೊಂದು ಕಡೆಗೆ ವಾಲಿದರು. ಅಲ್ಲಿ ಜೆರೆಮಿಯೊ ಅಪಾಯ ಗೊತ್ತಿದ್ದೂ ಮೇಸ್ತ್ರಿ ಕೆಲಸ ಒಪ್ಪಿಕೊಂಡು ಗೆಳೆಯರಿಂದ ದೂರವಾಗುತ್ತಾನೆ. ಅವನ ಪಾಪಪ್ರಜ್ಞೆಯೇ ಚಿತ್ರದ ಕೇಂದ್ರವಾಗುತ್ತದೆ. ಕಾದಂಬರಿ ಆ ಸಾವನ್ನು ದೇವರ ಲೆಕ್ಕಕ್ಕೆ ಬರೆದರೆ ಚಿತ್ರ ಅವನ ಲೆಕ್ಕಕ್ಕೇ ಬರೆಯಿತು. ಮೆಹಂದಿಯ ಕೈಗಳನ್ನು ತಂದ ನಮ್ಮ ಕಥೆಯಂತೂ ಮಗಳ ಲೆಕ್ಕಕ್ಕೆ ಬರೆದಿತ್ತು.

ನಾವು ಉರ್ದು ಶಾಲೆಯಲ್ಲಿ ಓದಿದಾಗ ಕಲಿತ ಒಂದು ಪದ ‘ಕಿಸ್ಮತ್’. ಕನ್ನಡ ಶಾಲೆಗೆ ಬಂದ ಮೇಲೆ ಕಲಿತದ್ದು ‘ಹಣೆಬರಹ’. ಸತ್ತವನ ಮನೆಯಲ್ಲಿ ಈ ಪದಗಳನ್ನು ಆಡುವವರು ದುಷ್ಟರಲ್ಲ. ವಿಧವೆಯ ಮುಂದೆ ಕೂತಾಗ ಬೇರೆ ಮಾತು ತೋಚುವುದಿಲ್ಲ. ಆದರೆ ಅದೇ ಮನೆಗೆ ಕಂಟ್ರಾಕ್ಟರು ಬಂದು ಒಂದು ಲಕೋಟೆ ಇಟ್ಟು ‘ಅಲ್ಲಾಹನ ಮರ್ಜಿ, ಏನು ಮಾಡೋದು’ ಎಂದರೆ ಆ ಪದದ ಅರ್ಥವೇ ಬದಲಾಗುತ್ತದೆ. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ದೇವರ ಮೇಲೆ ಭರವಸೆಯಿಡು ಎಂಬ ಪ್ರವಾದಿಯವರ ಮಾತನ್ನು ಮಕ್ಕಳಿಗೂ ಹೇಳಿಕೊಡುತ್ತೇವೆ. ಸಾರವೆಯನ್ನು ಕಟ್ಟದವನಿಗೆ ಮರ್ಜಿಯ ಮಾತೆತ್ತುವ ಅಧಿಕಾರವಿಲ್ಲ. ಈಗ ದೊಡ್ಡ ಕಂಪನಿಗಳ ವರದಿಗಳಿಂದ ಮೂರನೆಯ ಪದವೊಂದು ಬಂದಿದೆ: ‘ಹ್ಯೂಮನ್ ಎರರ್’. ಕೇಳಲು ವೈಜ್ಞಾನಿಕವಾಗಿದೆ. ಬಳಕೆಯಲ್ಲಿ ಅದು ಕಿಸ್ಮತ್, ಹಣೆಬರಹಗಳ ತಮ್ಮ. ಮೂರು ಭಾಷೆ, ತೀರ್ಪು ಮಾತ್ರ ಒಂದೇ.

‘ಹಾಗಾದರೆ ಕಾರ್ಮಿಕರ ತಪ್ಪು ಏನೂ ಇಲ್ಲವೆ? ಹೆಲ್ಮೆಟ್ ಕೊಟ್ಟರೆ ಹಾಕುವುದಿಲ್ಲ, ಬೆಲ್ಟ್ ಕೊಟ್ಟರೆ ಮೂಲೆಗೆ ಎಸೆಯುತ್ತಾರೆ, ಕುಡಿದು ಬರುವವರೂ ಇದ್ದಾರೆ’ ಎಂದು ಓದುಗರು ಕೇಳಬಹುದು. ಇದು ಸುಳ್ಳಲ್ಲ. ಇದನ್ನೂ ನಾವು ಚಾಚಾರ ಮುಂದಿಟ್ಟಿದ್ದೆವು. ಅವರು ನಕ್ಕು, “ಬೆಲ್ಟ್ ಕೊಟ್ರು. ಅದರ ಕೊಕ್ಕೆ ಎಲ್ಲಿಗೆ ಸಿಗ್ಸೋದು ಅಂತ ಯಾರೂ ಹೇಳ್ಲಿಲ್ಲ. ಅದೇ ಸಾರವೆಗೆ ಸಿಗ್ಸಿದ್ರೆ ಸಾರವೆ ಜೊತೇಲೇ ಬೀಳ್ತೀನಿ,” ಎಂದರು. ಭದ್ರವಾದ ಆಧಾರವಿಲ್ಲದೆ ಕೊಟ್ಟ ಬೆಲ್ಟು ಜೀವ ಉಳಿಸುವ ಸಾಧನವಲ್ಲ, ನಾಳೆ ತೋರಿಸಲು ಇಟ್ಟುಕೊಂಡ ರಸೀದಿ. ಕುಡಿದು ಬಂದವನನ್ನು ಅಂದು ಮೇಲೆ ಹತ್ತಿಸಬಾರದು. ಆ ನಿರ್ಧಾರವೂ ಮೇಲ್ವಿಚಾರಕನದೇ.

ಕಾನೂನು ಈ ವಿಷಯದಲ್ಲಿ ನಮ್ಮ ವಾಕ್ಯಗಳಿಗಿಂತ ಉದಾರವಾಗಿದೆ ಎಂಬುದು ಅಚ್ಚರಿಯ ಸಂಗತಿ. ಬ್ರಿಟಿಷರ ಕಾಲದ 1923ರ ಕಾರ್ಮಿಕ ಪರಿಹಾರ ಕಾಯ್ದೆ, ಕುಡಿತ ಅಥವಾ ಬೇಕೆಂದೇ ಸುರಕ್ಷತಾ ನಿಯಮ ಮುರಿದದ್ದು ಕಾರಣವಾದಾಗ ಮಾಲೀಕನಿಗೆ ವಿನಾಯಿತಿ ಕೊಟ್ಟಿತ್ತು, ನಿಜ. ಆದರೆ ಕಾರ್ಮಿಕ ಸತ್ತಾಗ ಆ ವಿನಾಯಿತಿ ಅನ್ವಯಿಸುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಆಯ ತಪ್ಪಿದ್ದು ಅವನದೇ ಆದರೂ ಪರಿಹಾರ ಅವನ ಮನೆಯವರ ಹಕ್ಕು. ‘ತಪ್ಪು ನಿಮ್ಮ ಮನೆಯವನದೇ ಅಲ್ಲವೆ’ ಎಂಬ ಮಾತಿಗೆ ಅಂಜಿ, ಲಕೋಟೆ ಹಿಡಿದು ಸುಮ್ಮನಾಗುವ ಕುಟುಂಬಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಆದರೆ ಅಪಾಯವನ್ನು ಮೊದಲೇ ತಡೆಯುವ ವಿಷಯದಲ್ಲಿ ಕಾನೂನಿನ ಕೈ ಗಿಡ್ಡ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯಿಸುತ್ತಿತ್ತು. ಸುರಕ್ಷತಾ ಸಮಿತಿ ಮತ್ತು ಅಧಿಕಾರಿ ಬೇಕೆಂದರೆ 500 ಜನರಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಕಟ್ಟಡ ಕೆಲಸದಲ್ಲಿ ಸುರಕ್ಷತಾ ಅಧಿಕಾರಿಯ ಮಿತಿಯನ್ನು 250ಕ್ಕೆ ಇಳಿಸಿದೆ. ನಮ್ಮ ಬಡಾವಣೆಗಳಲ್ಲಿ ಹದಿನೈದು ಜನ ಸೇರಿ ಕಟ್ಟುವ ಮೂರು ಅಂತಸ್ತಿನ ಮನೆಗೆ ಆಗಲೂ ಅಧಿಕಾರಿ ಬರಲಿಲ್ಲ, ಈಗಲೂ ಬರುವುದಿಲ್ಲ. ಅಲ್ಲಿ ಇರುವವರು ನಾವು, ಅಂದರೆ ಮನೆ ಕಟ್ಟಿಸುವವರು. ಆಷಾಢ ಹಿಡಿಯುವ ಮುಂಚೆ ಗೃಹಪ್ರವೇಶವಾಗಬೇಕು, ರಂಜಾನಿಗೆ ಮುಂಚೆ ಹೊಸ ಮನೆ ಸೇರಬೇಕು ಎಂದು ಮೇಸ್ತ್ರಿಯ ಬೆನ್ನು ಹತ್ತುವವರೂ ನಾವೇ. ಆ ಅವಸರ ಇಳಿದು ಇಳಿದು ಕೊನೆಗೆ ಹಲಗೆಯ ಮೇಲೆ ನಿಂತವನ ಕಾಲಿಗೆ ಮುಟ್ಟುತ್ತದೆ.

ಪತ್ರಿಕಾ ಮಿತ್ರರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಅದೇ ಐದು ಸಾಲುಗಳಲ್ಲಿ ಒಂದು ಸಾಲನ್ನು ಹೆಚ್ಚಿಸಿ. ‘ಆಯತಪ್ಪಿ’ ಎಂದು ಬರೆಯುವ ಮುಂಚೆ ಎಷ್ಟು ಅಡಿ ಎತ್ತರ, ಎಷ್ಟು ಹಲಗೆ, ಅಂಚಿಗೆ ಅಡ್ಡಗಂಬಿ ಇತ್ತೆ, ಎಷ್ಟನೆಯ ಗಂಟೆಯ ಕೆಲಸ ಎಂದು ಕೇಳಿ ಬರೆಯಿರಿ. ‘ಅಡ್ಡಗಂಬಿಯಿಲ್ಲದ ಒಂಟಿ ಹಲಗೆಯಿಂದ ಬಿದ್ದು ಕಾರ್ಮಿಕ ಸಾವು’ ಎಂಬುದೂ ಕನ್ನಡ ವಾಕ್ಯವೇ. ಅದನ್ನು ಓದಿದವರು ಮುಂದಿನ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳುತ್ತಾರೆ.

ನಮ್ಮ ಕಥೆಯ ವಿಷಯಕ್ಕೆ ಬಂದರೆ, ಸಂಕಲನ ತರುವಾಗ ಅದನ್ನು ತಿದ್ದಲು ಕೂತೆವು. ಮೆಹಂದಿಯ ಕೈಗಳನ್ನು ತೆಗೆದರೆ ಕಥೆ ನಿಲ್ಲುತ್ತಿರಲಿಲ್ಲ, ಇಟ್ಟರೆ ಚಾಚಾರ ಮುಖ ನೆನಪಾಗುತ್ತಿತ್ತು. ಕೊನೆಗೆ ಕಥೆಯನ್ನೇ ಬಿಟ್ಟೆವು. ಅದನ್ನು ಹೇಳಿದಾಗ ಚಾಚಾ ಬೇಸರ ಮಾಡಿಕೊಂಡರು. “ಯಾಕ್ ಬಿಟ್ರಿ ಭಾಯ್? ಮಗಳೂ ಇರ್ಲಿ ಬಿಡಿ, ಪಾಪ. ಹಲಗೆ ಒಂದೇ ಇತ್ತು ಅಂತ ಸೇರ್ಸಿದ್ರೆ ಸಾಕಿತ್ತು,” ಎಂದರು.